ಕೀ ಕೊಟ್ಟ ಮೇಲಿನ ಹನ್ನೆರಡು ನಿಮಿಷ

ಜೈಲಿನ ಡ್ಯೂಟಿ ಮುಗಿಸಿ ಬಟ್ಟೆ ಬದಲಾಯಿಸೋ ರೂಮಲ್ಲಿ ಕಣ್ಣು ಮುಚ್ಚಿ ಕೂತರೆ 'ಏನಪ್ಪಾ, ಸನ್ಯಾಸಿ ಆಗ್ಬಿಟ್ಯಾ' ಅಂತ ಜೊತೆ ಕೆಲಸದವರು ನಗುತ್ತಿದ್ದರು. ಈಗ ಅವರಲ್ಲೇ ನಾಲ್ಕೈದು ಮಂದಿ ನನ್ನ ಬೆಂಚಿನಲ್ಲಿ ಜಾಗ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಜೈಲಲ್ಲಿ ಕಾವಲು ಕೆಲಸಕ್ಕೆ ಸೇರಿ ಹದಿನಾರೋ ಹದಿನೇಳೋ ವರ್ಷ ಆಯ್ತು. ಎಲ್ಲಿ ಕೂತರೂ ಬೆನ್ನು ಗೋಡೆಗೇ ಇರಬೇಕು, ಪಾತ್ರೆ ಬಿದ್ದರೆ ಎದ್ದು ನಿಲ್ಲುತ್ತೇವೆ, ನಿಮಗೂ ಹೀಗೇ ಅಲ್ವಾ? ಒಂದು ದಿನ ಮಗಳಿಗೆ 'ಪಕ್ಕಕ್ಕೆ ನಿಲ್ಲು' ಅಂದೆ, ಕೈದಿಗೆ ಹೇಳೋ ದನಿಯಲ್ಲೇ. ಅವಳು ಗೋಡೆಗೆ ಅಂಟಿಕೊಂಡು ನಿಂತುಬಿಟ್ಟಳು.

ಮೊದಲು ಅರ್ಧ ತಿಂಗಳ ಸಂಬಳ ಸುರಿದು ನಿದ್ದೆ ಅಳೆಯೋ ವಾಚು ತಗೊಂಡೆ. ನಿದ್ದೆ ಬಂತಾ ಅಂತ ಅದನ್ನು ನೋಡುತ್ತಾ ಇದ್ದ ನಿದ್ದೆಯೂ ಹೋಯ್ತು. ಕುಡಿದೂ ನೋಡಿದೆ, ಬೇಗ ಕಣ್ಣು ಮುಚ್ಚುತ್ತಿತ್ತು, ಆದರೆ ಮೂರು ಗಂಟೆಗೆಲ್ಲ ಎಚ್ಚರ. ಒಂದು ದೊಡ್ಡ ಹೊಡೆದಾಟ ಆದ ಮರುದಿನ ಎಲ್ಲರನ್ನೂ ಕೂರಿಸಿ ಕಂಡದ್ದನ್ನೆಲ್ಲ ಹೇಳಿ ಅಂದರು. ಎರಡು ವಾರ ಕೆಟ್ಟ ಕನಸು ಬಿತ್ತು. ಇಂಥ ಒಂದೇ ಸಲದ ಮಾತುಕತೆಯಿಂದ ಆಘಾತದ ಕಾಯಿಲೆ ತಪ್ಪುವುದಿಲ್ಲ ಅಂತ ಕಾಕ್ರೇನ್ ಪರಿಶೀಲನೆ (ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡೋದು) 2002ರಲ್ಲೇ ಹೇಳಿತ್ತು ಅಂತ ಆಮೇಲೆ ಗೊತ್ತಾಯ್ತು.

ನಾನೀಗ ಮಾಡೋದು ಸರಳ. ಡ್ಯೂಟಿ ಮುಗಿದು ಕೀ ಗೊಂಚಲು ಒಪ್ಪಿಸುವಾಗ ಒಂದೊಂದು ಕೀಯನ್ನೂ ಬೆರಳಲ್ಲಿ ಮುಟ್ಟಿ ಎಣಿಸಿ, 'ಕೊಟ್ಟೆ' ಅಂತ ಬಾಯಿಬಿಟ್ಟು ಹೇಳುತ್ತೇನೆ. ಮೊಣಕೈವರೆಗೆ ತೊಳೆದು ಬೆಂಚಲ್ಲಿ ಕೂರುತ್ತೇನೆ. ಉಸಿರು 4 ಎಣಿಸಿ ಒಳಗೆ, 6 ಎಣಿಸಿ ಹೊರಗೆ, ಐದಾರು ನಿಮಿಷ. ಎಲ್ಲರೂ ಕಲಿಸೋ 4-4-4-4, ಅಂದರೆ 4 ಎಣಿಸಿ ಒಳಗೆ, 4 ಹಿಡಿದು, 4 ಹೊರಗೆ, ಮತ್ತೆ 4 ಹಿಡಿಯೋದು, ನನಗೆ ಆಗಲಿಲ್ಲ. ಉಸಿರು ಹಿಡಿದರೆ ಸೆಲ್ ಬಾಗಿಲ ಪಕ್ಕ ಕಾಯುತ್ತಾ ನಿಂತ ಹಾಗೇ ಆಗುತ್ತಿತ್ತು. ಆಮೇಲೆ ಪುಸ್ತಕದಲ್ಲಿ ಮೂರೇ ಸಾಲು: ಏನಾಯ್ತು, ನಾನೇನು ಮಾಡಿದೆ, ನಾಳೆಗೇನು ಉಳಿಯಿತು. ಹೆಸರು ಬರೆಯಲ್ಲ. ಕೊನೇ ಒಂದು ನಿಮಿಷ ಏನು ಮಾಡುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಒಟ್ಟು ಖರ್ಚು ಒಂದು ನೋಟ್‌ಬುಕ್ಕು. ಒಂದೂವರೆ ತಿಂಗಳಿಗೆ ಐದು ಗಂಟೆ ಒಂದೇ ಸಮನೆ ಮಲಗಿದೆ.

ಮಧ್ಯೆ ಮುಖಕ್ಕೆ ತಣ್ಣೀರು ಹಾಕಿ ನೋಡಿದೆ, ಅಂಗಿ ಒದ್ದೆ ಆಗಿದ್ದೇ ಲಾಭ. ಆದರೆ ನೈಟ್ ಡ್ಯೂಟಿಯಲ್ಲಿ ರಾತ್ರಿ ಒಂದು ಗಂಟೆ ಆದ ಮೇಲೆ ಕಾಫಿ ಬಿಟ್ಟಿದ್ದು ನಿಜವಾಗಿ ಕೆಲಸ ಮಾಡಿತು. ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧ ಮೈಯಿಂದ ಇಳಿಯೋಕೇ ಸುಮಾರು ಐದು ಗಂಟೆ ಬೇಕು.

ಇನ್ನೊಂದನ್ನು ತಪ್ಪಿನಿಂದ ಕಲಿತೆ. ಸತತ ಮೂರು ನೈಟ್ ಆದ ಮೇಲೆ ಒಳಗೇಟಿನ ಬೀಗ ಹಾಕದೇ ಬಂದಿದ್ದೆ, ಜೊತೆಗಾರ ನೋಡಿದ್ದಕ್ಕೆ ಬಚಾವ್. ಅವತ್ತಿಂದ ಡ್ಯೂಟಿಗೆ ಬಂದ ತಕ್ಷಣ ಇಬ್ಬರೂ ಒಂದೊಂದು ನಂಬರು ಹೇಳುತ್ತೇವೆ, ತಲೆ ಎಷ್ಟು ಭಾರ ಅಂತ ಹತ್ತಕ್ಕೆ. ಏಳು ದಾಟಿದರೆ ಒಂಟಿ ಸುತ್ತು ಇಲ್ಲ, ಗೇಟು ಇಲ್ಲ, ಯಾಕೆ ಅಂತ ಕೇಳೋದೂ ಇಲ್ಲ.

ಇವತ್ತು ನಂದು 4, ಅವನದು 8. ಗೇಟು ನನಗೆ ಬಂತು.