ಕಾರ್ಡು ಪಕ್ಕಕ್ಕಿಟ್ಟ ಮೇಲೆ ಕೆಲಸ ಹಿಡಿಯಿತು

ಆಘಾತಕ್ಕೆ ಸಿಕ್ಕವರು ತಮ್ಮೊಳಗಿನ ಒಳ್ಳೇ ಗುಣ ಗುರುತಿಸಿಕೊಂಡು ಚೇತರಿಸಿಕೊಳ್ಳಲು ನೆರವಾಗುವ ಕೆಲಸವನ್ನು ಸಿಂಧನೂರು ಸುತ್ತಮುತ್ತ ನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ. ಸಾಲದಿಂದ ಗಂಡ ಜೀವ ಕಳೆದುಕೊಂಡ ಹೆಣ್ಣುಮಕ್ಕಳೇ ಜಾಸ್ತಿ. "ಒಳ್ಳೇ ಗುಣ ಎಣಿಸಿದರೆ ದುಃಖ ಹೋಗುತ್ತಾ" ಅಂತ ನಮ್ಮ ಕೌನ್ಸೆಲರ್‌ಗಳೇ ಕೇಳಿದ್ದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತಾರೆ.

ಮೊದಲು ಪೀಟರ್ಸನ್, ಸೆಲಿಗ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರು 2004ರಲ್ಲಿ ಪಟ್ಟಿ ಮಾಡಿದ 24 ಗುಣಗಳಿಗೂ ಚಿತ್ರ ಬರೆಸಿ, ಲ್ಯಾಮಿನೇಶನ್ ಮಾಡಿಸಿ, ಆರು ಸೆಟ್ ಮಾಡಿಸಿದೆ. ಹತ್ತಿರ ಹತ್ತಿರ 7 ಸಾವಿರ ಕೈಯಿಂದ ಹೋಯಿತು. "ಚಂದ ಅದಾವ್ರಿ ಮೇಡಂ" ಅಂದರು, ಎಲ್ಲರೂ ದೇವರ ಕಾರ್ಡನ್ನೇ ಎತ್ತಿಕೊಂಡರು. ಗುಣ ಅಳೆಯುವ ಪ್ರಶ್ನಾವಳಿ ಓದಿದರೆ ಹತ್ತನೇ ಪ್ರಶ್ನೆಯಿಂದ ಎಲ್ಲದಕ್ಕೂ ಹೂಂ. ಅದಕ್ಕಿಂತ ದೊಡ್ಡ ತಪ್ಪು, ಹದಿನೈದೇ ದಿನಕ್ಕೆ ಒಬ್ಬರಿಗೆ "ನೀವು ಧೈರ್ಯವಂತರು" ಅಂದುಬಿಟ್ಟದ್ದು. ಆಯಮ್ಮ ಮತ್ತೆ ಬರಲೇ ಇಲ್ಲ. ಹಾಗಂದ ಮೇಲೆ ನನ್ನ ಮುಂದೆ ಹೇಗೆ ಅಳುತ್ತಾರೆ, ಅಲ್ವಾ? ಅದು ಇವತ್ತಿಗೂ ಚುಚ್ಚುತ್ತದೆ.

ಈಗ ಅವರಿಗೆ ರಾತ್ರಿ ನಾಲ್ಕೈದು ತಾಸು ನಿದ್ದೆ ಬರುವವರೆಗೂ ಗುಣದ ಮಾತೇ ಎತ್ತುವುದಿಲ್ಲ. ಬರದಿದ್ದರೆ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ನೋಡುವ ಮನೋಚೈತನ್ಯ ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಆಟೋ ಖರ್ಚು ನನ್ನದೇ. ಆಮೇಲೆ ಒಂದೇ ಮಾತು ಕೇಳುತ್ತೇನೆ: "ಮಣ್ಣು ಮಾಡಿ ಬಂದ ಮರುದಿನ ಮುಂಜಾನೆ ಎದ್ದು ಏನ್ ಮಾಡಿದ್ರಿ ಅಕ್ಕಾ?"

ಒಬ್ಬಾಕೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಬಹಳ ಹೊತ್ತು ಸುಮ್ಮನಿದ್ದರು. "ಏನಿಲ್ರಿ, ಕರು ಒದರಾಕತ್ತಿತ್ತು, ಎಮ್ಮಿ ಹಿಂಡಿದೆ" ಅಂದರು. ವಾರ ಬಿಟ್ಟು ಇನ್ನೊಂದು ಹೊರಗೆ ಬಂತು: ಸಾಲ ಕೊಟ್ಟವನ ಮನೆಗೆ ಒಬ್ಬರೇ ಹೋಗಿ ಲೆಕ್ಕದ ವಹಿ ತೋರಿಸು ಅಂದಿದ್ದರಂತೆ. "ಇದಕ್ಕೆ ನಿಮ್ಮೂರಲ್ಲಿ ಏನಂತಾರೆ?" ಅಂದೆ. "ಗಟ್ಟಿಗಿತ್ತಿ ಅಂತಾರ್ರಿ" ಅಂದವರೇ ಅತ್ತುಬಿಟ್ಟರು. ಆ ಪದ ಚೀಟಿಯಲ್ಲಿ ಬರೆದು ಕೊಟ್ಟೆ. ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಈಗಲೂ ಇದೆ. ಹೆಸರು ಅವರ ಬಾಯಿಂದಲೇ ಬರಬೇಕು, ನಾವು ಇಡಬಾರದು.

ಆಘಾತದ ತೊಂದರೆ ಎಷ್ಟಿದೆ ಅಂತ ಅಳೆಯುವ ಪಿಸಿಎಲ್-5 ಪ್ರಶ್ನಾವಳಿಯಲ್ಲಿ ಆಕೆಯ ಅಂಕ 50ರ ಮೇಲಿತ್ತು, ಏಳೆಂಟು ತಿಂಗಳಿಗೆ 25ರ ಆಸುಪಾಸಿಗೆ ಬಂತು. ಹೀಗೆ ಮಾತಾಡಿಸಿದ ಹದಿನಾಲ್ಕು ಜನರಲ್ಲಿ ಒಂಬತ್ತೋ ಹತ್ತೋ ಮಂದಿಗೆ ಹೀಗೇ ಇಳಿಯಿತು.

ರಾತ್ರಿ ಮೂರು ಒಳ್ಳೆಯ ಸಂಗತಿ ನೆನೆಯುವ ಅಭ್ಯಾಸವನ್ನೂ ಮಾಡಿಸಿ ನೋಡಿದೆ. "ಏನ್ ಒಳ್ಳೇದ್ ಐತ್ರಿ" ಅಂತ ಸಿಟ್ಟಾದರು. "ಇವತ್ತು ಕೈಯಿಂದಾದ ಒಂದು ಕೆಲಸ" ಅಂತ ವಾಟ್ಸಾಪ್‌ನಲ್ಲಿ ಮಾತಾಡಿ ಕಳಿಸಿ ಅಂದೆ, ಅದು ನಡೆಯಿತು.

ಗಂಡಸರ ಜೊತೆ ಇನ್ನೂ ಕೂಡಿಬಂದಿಲ್ಲ. ಎದುರು ಕೂರಿಸಿದರೆ ನೆಲ ನೋಡುತ್ತಾರೆ. ಕಾಲುವೆ ದಂಡೆ ಮೇಲೆ ಪಕ್ಕದಲ್ಲಿ ನಡೆದರೆ ಒಂದೊಂದೇ ಮಾತು ಬರುತ್ತದೆ. ಭತ್ತದ ನಾಟಿ ಮುಗಿದ ಮೇಲೆ ಅದನ್ನೇ ಹಿಡಿಯುತ್ತೇನೆ.