ಏರಿಯ ಮೇಲೆ ಎಲ್ಲರೂ: ಕೆರೆದಂಡೆಯ ನಡಿಗೆಗೆ ತಯಾರಿ ಹೇಗೆ

ನಮ್ಮ ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಕೆರೆ ಏರಿಗಿಂತ ಸಮತಟ್ಟಾದ ದಾರಿ ಹುಡುಕಿದರೂ ಸಿಗುವುದಿಲ್ಲ. ನೀರು ಮಟ್ಟವಾಗಿ ನಿಲ್ಲುತ್ತದೆ, ಹಾಗಾಗಿ ಅದನ್ನು ಹಿಡಿದಿಡುವ ಏರಿಯ ತಲೆಯೂ ಮಟ್ಟವಾಗಿರಲೇಬೇಕು. ಎಲ್ಲೋ ಒಂದು ಕಡೆ ತಗ್ಗಿದರೆ, ಕೆರೆ ತುಂಬಿದ ವರ್ಷ ನೀರು ಅಲ್ಲಿಂದಲೇ ಉಕ್ಕಿ ಏರಿಯನ್ನು ಕೊಚ್ಚಿಕೊಂಡು ಹೋಗುತ್ತದೆ. ಸಣ್ಣ ನೀರಾವರಿ ಇಲಾಖೆಯಲ್ಲಿ ಕೆರೆಗಳ ಕೆಲಸ ನೋಡಿಕೊಂಡೇ ತಲೆ ನರೆತವನು ನಾನು. ಈಗ ಅವೇ ಏರಿಗಳ ಮೇಲೆ ಮನೆಯವರನ್ನೂ ಗೆಳೆಯರನ್ನೂ ಕಟ್ಟಿಕೊಂಡು ನಡೆಯುತ್ತೇನೆ. ನಮ್ಮ ಗುಂಪಿನಲ್ಲಿ ಮಂಡಿನೋವಿನ ಅಕ್ಕ ಇದ್ದಾಳೆ, ಗ್ಲಾಕೋಮಾದಿಂದ ದೃಷ್ಟಿ ಬಹುಪಾಲು ಹೋಗಿರುವ ಭಾವ ಇದ್ದಾರೆ, ಗಾಲಿಕುರ್ಚಿಯಲ್ಲಿ ಓಡಾಡುವ ಗೆಳೆಯನ ಮಗನಿದ್ದಾನೆ, ಒಂದು ಕಡೆ ನಿಲ್ಲದ ಮೊಮ್ಮಕ್ಕಳಿದ್ದಾರೆ. ಇಷ್ಟು ಜನಕ್ಕೂ ಒಟ್ಟಿಗೆ ಒಗ್ಗುವುದು ಮುಳ್ಳಯ್ಯನಗಿರಿಯಲ್ಲ, ಜಲಪಾತವೂ ಅಲ್ಲ; ಕೆರೆ ಏರಿಯೇ.

ಆದರೆ ಏರಿಯ ಮೇಲೆ ನಡೆಯುವುದು ಸುಲಭ, ಏರಿಗೆ ಹತ್ತುವುದು ಕಷ್ಟ. ತಯಾರಿಯ ಮುಕ್ಕಾಲು ಪಾಲು ಇಲ್ಲಿಯೇ ಇರುವುದು. ಗಾಲಿಕುರ್ಚಿಗೆ ಒಪ್ಪುವ ಇಳಿಜಾರಿನ ಲೆಕ್ಕ ಒಂದಕ್ಕೆ ಹನ್ನೆರಡು: 1 ಅಡಿ ಎತ್ತರಕ್ಕೆ 12 ಅಡಿ ಉದ್ದ. 10 ಅಡಿ ಎತ್ತರದ ಏರಿಗೆ 120 ಅಡಿ ಉದ್ದದ ದಾರಿ ಬೇಕು. ಎತ್ತಿನ ಗಾಡಿಗೆಂದು ಊರವರು ಮಾಡಿಕೊಂಡ ದಾರಿಗಳು ಸಾಮಾನ್ಯವಾಗಿ ಇದಕ್ಕಿಂತ ಕಡಿದಾಗಿರುತ್ತವೆ.

ಅಳೆಯುವುದಕ್ಕೆ ಯಂತ್ರ ಬೇಕಾಗಿಲ್ಲ. 1 ಮೀಟರ್ ಉದ್ದದ ನೆಟ್ಟನೆಯ ಪಟ್ಟಿ, ಅರ್ಧ ನೀರು ತುಂಬಿದ ನೇರ ಮೈಯ ಬಾಟಲಿ, ಒಂದು ಅಳತೆ ಟೇಪು ಸಾಕು. ಪಟ್ಟಿಯ ಒಂದು ತುದಿಯನ್ನು ಇಳಿಜಾರಿನ ಮೇಲ್ಭಾಗದಲ್ಲಿ ನೆಲಕ್ಕೆ ಊರಿ, ಇನ್ನೊಂದು ತುದಿಯನ್ನು ಕೆಳಗಿನ ಕಡೆಗೆ ಚಾಚಿ ಹಿಡಿಯಿರಿ. ಬಾಟಲಿಯನ್ನು ಅದರ ಮೇಲೆ ಉದ್ದಕ್ಕೆ ಮಲಗಿಸಿ. ನೀರಿನ ಗೆರೆ ಬಾಟಲಿಯ ಮೈಗೆ ಸಮವಾಗುವವರೆಗೆ ಪಟ್ಟಿಯನ್ನು ಏರಿಸಿ ಇಳಿಸಿ. ಈಗ ಚಾಚಿದ ತುದಿಯಿಂದ ನೆಲಕ್ಕೆ ಎಷ್ಟಿದೆ ನೋಡಿ. 8 ಸೆಂಟಿಮೀಟರ್ ಒಳಗಿದ್ದರೆ ಚಿಂತೆಯಿಲ್ಲ. 12, 15 ಬಂದರೆ ತಳ್ಳುವುದಕ್ಕೆ ಗಟ್ಟಿ ಆಳುಗಳು ಇಬ್ಬರು ಬೇಕು, ಅದೂ ಸ್ವಲ್ಪ ದೂರಕ್ಕೆ ಮಾತ್ರ. ಅದಕ್ಕೂ ಮೀರಿದರೆ ಆ ಕೆರೆ ಬಿಟ್ಟುಬಿಡಿ, ಅಥವಾ ಏರಿಯ ಮೇಲೆಯೇ ಊರ ರಸ್ತೆ ಹಾದುಹೋಗುವ ಕೆರೆಯನ್ನು ಆರಿಸಿಕೊಳ್ಳಿ. ಕಾರು ನೇರವಾಗಿ ಮೇಲಕ್ಕೆ ಹೋಗುತ್ತದೆ. ಅಂತಹ ಏರಿಯಲ್ಲಿ ಟ್ರ್ಯಾಕ್ಟರು, ಬೈಕುಗಳ ಕಾಟ ಇರುತ್ತದೆ ಎನ್ನುವುದನ್ನು ಮರೆಯಬೇಡಿ. ವಾಹನ ತಡೆಯಲು ಕಲ್ಲುಕಂಬ ನೆಟ್ಟಿದ್ದರೆ ಅವುಗಳ ನಡುವಿನ ಜಾಗವನ್ನೂ ಅಳೆಯಿರಿ. 90 ಸೆಂಟಿಮೀಟರ್ ಇದ್ದರೆ ಕುರ್ಚಿ ಸಲೀಸಾಗಿ ದಾಟುತ್ತದೆ. ಒಂದೆಡೆ ಏರಿಯನ್ನೆಲ್ಲ ಚಂದ ಮಾಡಿ, ಬಾಯಿಯಲ್ಲಿ ಮನುಷ್ಯರು ಓರೆಯಾಗಿ ನುಸುಳಬೇಕಾದಷ್ಟು ಹತ್ತಿರ ಕಂಬ ನೆಟ್ಟಿದ್ದನ್ನು ನೋಡಿದ್ದೇನೆ. ಇಂಥವರಿಗೆ ಬಿಲ್ಲು ಪಾಸಾಗುವುದು ಹೇಗೆ ಎನ್ನುವುದು ಬೇರೆ ಪುರಾಣ.

ಕುರ್ಚಿ ತಳ್ಳುವವರಿಗೆ ಎರಡು ಮಾತು. ಕಡಿದಾದ ಇಳಿಜಾರಿನಲ್ಲಿ ಇಳಿಯುವಾಗ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿಕೊಂಡು, ನೀವು ಕೆಳಗಿದ್ದು, ಹಿಮ್ಮುಖವಾಗಿ ಇಳಿಸಿ. ಜಲ್ಲಿ ಅಥವಾ ಸಡಿಲ ಮಣ್ಣು ಸಿಕ್ಕಿದಾಗಲೂ ತಿರುಗಿಸಿ ಎಳೆಯಿರಿ. ದೊಡ್ಡ ಗಾಲಿ ಮುಂದಾದರೆ ದಾಟುತ್ತದೆ, ಚಿಕ್ಕ ಗಾಲಿ ಮುಂದಾದರೆ ಹೂತುಕೊಳ್ಳುತ್ತದೆ. ಯಾವುದನ್ನು ಮಾಡುವ ಮೊದಲೂ ಕುರ್ಚಿಯಲ್ಲಿ ಕುಳಿತವನಿಗೆ ಹೇಳಿ. ಕೇಳದೆ ಹಿಡಿ ಮುಟ್ಟಿದರೆ ನಮ್ಮ ಹುಡುಗನಿಗೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ.

ಬರುವವರ ಶಕ್ತಿಯನ್ನು ತಿಳಿಯುವುದು ಇನ್ನೊಂದು ಕೆಲಸ. “ಎರಡು ಕಿಲೋಮೀಟರ್ ನಡೆಯುತ್ತೀರಾ?” ಎಂದು ಕೇಳಿದರೆ ನಮ್ಮ ಹಿರಿಯರಲ್ಲಿ ಇಲ್ಲ ಎನ್ನುವವರು ಯಾರು? “ಅಯ್ಯೋ, ಅದೇನು ಮಹಾ” ಎನ್ನುತ್ತಾರೆ, ಅರ್ಧ ದಾರಿಯಲ್ಲಿ ಕಲ್ಲು ಹುಡುಕುತ್ತಾರೆ. ಬೇರೆ ರೀತಿಯಲ್ಲಿ ಕೇಳಿ: ಸಂತೆಗೆ ಹೋಗಿ ಬರುವಾಗ ಎಲ್ಲಿ ಕೂರುತ್ತೀರಿ? ಮೆಟ್ಟಿಲು ಹತ್ತುವಾಗ ನೋವೋ, ಇಳಿಯುವಾಗಲೋ? ಅಕ್ಕನಿಗೆ ಇಳಿಯುವಾಗಲೇ ನೋವು. ಹತ್ತುವಾಗ ಕಂಡದ್ದನ್ನು ನಂಬಿಕೊಂಡು ‘ಪರವಾಗಿಲ್ಲ’ ಎಂದುಕೊಂಡರೆ ವಾಪಸು ಬರುವಾಗ ತೊಂದರೆ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಟ್ಟು, ಅವರ ಹೆಜ್ಜೆಗೆ ಉಳಿದವರು ಹೊಂದಿಕೊಳ್ಳಬೇಕು. ಮಡಚುವ ಸ್ಟೂಲು ಎರಡು ಇರಲಿ.

ಕೆರೆಯನ್ನು ಪೂರ್ತಿ ಸುತ್ತುವ ಆಸೆ ಮಾತ್ರ ಬೇಡ. ಏರಿ ಇರುವುದು ಒಂದು ಕಡೆಗೆ. ಉಳಿದದ್ದು ಕೆರೆಯಂಗಳ, ಜೊಂಡು, ಜೌಗು, ಯಾರದ್ದೋ ಗದ್ದೆ. ಹೋದ ದಾರಿಯಲ್ಲೇ ಹಿಂದಿರುಗುವುದರಲ್ಲಿ ದೊಡ್ಡ ಅನುಕೂಲವಿದೆ: ಯಾರು ಎಲ್ಲಿ ಬೇಕಾದರೂ ನಿಲ್ಲಬಹುದು. ಅಕ್ಕ ಕಾಲುವೆಗೆ ನೀರು ಬಿಡುವ ತೂಬಿನವರೆಗೆ ಬರುತ್ತಾಳೆ, ಕುಳಿತು ಫ್ಲಾಸ್ಕಿನ ಕಾಫಿ ಬಿಚ್ಚುತ್ತಾಳೆ. ನಾವು ಕೋಡಿಯ, ಅಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹೊರಬೀಳುವ ಜಾಗದ, ಹತ್ತಿರದವರೆಗೆ ಹೋಗಿ ತಿರುಗುತ್ತೇವೆ. ಎಲ್ಲರಿಗೂ ಕಾಣುವುದು ಅದೇ ನೀರು.

ಭಾವನನ್ನು ಕರೆದೊಯ್ಯುವಾಗ ಅವರ ಕೈಯನ್ನು ನಾನು ಹಿಡಿಯುವುದಿಲ್ಲ. ನನ್ನ ಮೊಣಕೈಯನ್ನು ಅವರು ಹಿಡಿಯುತ್ತಾರೆ, ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ನೀರಿನ ಕಡೆಗೆ ನಾನಿರುತ್ತೇನೆ. ತೂಬಿನಿಂದ ಕಾಲುವೆಗೆ ನೀರು ಬಿಟ್ಟಿದ್ದರೆ ಅದರ ಸದ್ದು ದೂರದಿಂದಲೇ ಅವರಿಗೆ ಕೇಳಿಸುತ್ತದೆ. ಗುಳುಮುಳುಕ ಎಂಬ ನೀರುಹಕ್ಕಿ ಕೂಗಿದ್ದನ್ನು ಮೊದಲು ಗುರುತಿಸುವವರು ಅವರೇ, ನಾನಲ್ಲ.

ಇನ್ನು ಯಾವ ಕೆರೆ? ಚಿಕ್ಕಮಗಳೂರಿನಿಂದ ಸುಮಾರು 10 ಕಿಲೋಮೀಟರ್ ದೂರದ ಹಿರೇಕೊಳಲೆ ಕೆರೆಯನ್ನು ಮೊದಲ ಸಲದವರಿಗೆ ಹೇಳುತ್ತೇನೆ. ಬೆಟ್ಟಸಾಲು ಎದುರಿಗೇ ಇದೆ, ಹತ್ತುವ ಗೋಜಿಲ್ಲದೆ ಬೆಟ್ಟ ನೋಡಬಹುದು. ಶನಿವಾರ, ಭಾನುವಾರದ ಸಂಜೆ ಪ್ರವಾಸಿಗರ ಜಾತ್ರೆ, ಆಗ ಹೋಗಬೇಡಿ. ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ ವಿಶಾಲವಾದದ್ದು, ಬೆನ್ನಿಗೆ ಶಕುನಗಿರಿ. ಗಾಳಿ ಜೋರು, ವಯಸ್ಸಾದವರಿಗೆ ಮಫ್ಲರ್ ಬೇಕು. ಹಾಸನದ ಕಡೆಯವರಿಗೆ ದೊಡ್ಡಗದ್ದವಳ್ಳಿ: ಬೇಲೂರು ರಸ್ತೆಯಿಂದ ಒಳಗೆ ಹೋದರೆ ವಿಷ್ಣುವರ್ಧನನ ಕಾಲದ ಲಕ್ಷ್ಮೀದೇವಿ ಗುಡಿ, ಪಕ್ಕದಲ್ಲೇ ಕೆರೆ, ಗದ್ದಲವಿಲ್ಲ. ಹಳೇಬೀಡಿನಲ್ಲಿ ದ್ವಾರಸಮುದ್ರದ ಕೆರೆಯೂ ಹೊಯ್ಸಳೇಶ್ವರನೂ ಒಟ್ಟಿಗೇ ಸಿಗುತ್ತವೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಜನ ಇನ್ನೂ ಹೆಚ್ಚು. ಗುಡಿ ನಿಂತಿರುವ ಎತ್ತರದ ಕಟ್ಟೆ, ಅಂದರೆ ಜಗತಿ, ಹತ್ತಲಾಗದವರು ಕೆಳಗೆ ನಿಂತೇ ಆನೆ, ಕುದುರೆಗಳ ಸಾಲನ್ನು ನೋಡಬಹುದು. ಚಪ್ಪಲಿ ಬಿಟ್ಟು ನಡೆಯಬೇಕಾದಲ್ಲಿ ಕಲ್ಲು ಹನ್ನೊಂದು ಗಂಟೆಗೆಲ್ಲ ಕಾಯುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ. ದಪ್ಪ ಕಾಲುಚೀಲ ಚೀಲದಲ್ಲಿರಲಿ.

ಏರಿಯ ಮೇಲೆ ನೆರಳು ನಿರೀಕ್ಷಿಸಬೇಡಿ. ದೊಡ್ಡ ಮರದ ಬೇರು ಏರಿಯೊಳಗೆ ಇಳಿದರೆ ಅದರ ಜಾಡು ಹಿಡಿದೇ ನೀರು ಜಿನುಗುತ್ತದೆ, ಆದ್ದರಿಂದ ಅಲ್ಲಿ ಮರ ಬೆಳೆಯಗೊಡಬಾರದು ಎನ್ನುವುದು ನಮ್ಮ ಇಲಾಖೆಯ ಹಳೆಯ ಪಾಠ. ಬೆಳಿಗ್ಗೆ ಏಳರಿಂದ ಒಂಬತ್ತು, ಇಲ್ಲವೇ ನಾಲ್ಕೂವರೆಯ ನಂತರ. ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ, ಕೆರೆಯಲ್ಲಿ ನೀರೂ ಇರುತ್ತದೆ. ಕೋಡಿ ಬಿದ್ದಿರುವಾಗ ಅದನ್ನು ದಾಟುವ ಮಾತೇ ಬೇಡ. ಪಾದ ಮುಳುಗುವಷ್ಟೇ ನೀರಿದ್ದರೂ ಕೆಳಗಿನ ಪಾಚಿ ಎಂಥವರನ್ನೂ ಕೆಡವುತ್ತದೆ. ಮಕ್ಕಳಿಗೆ ಒಂದೇ ನಿಯಮ: ಏರಿಯ ನೀರಿನ ಮಗ್ಗುಲಿನ ಕಲ್ಲುಗಳ ಮೇಲೆ ಇಳಿಯುವಂತಿಲ್ಲ.

ಆಲೂರು, ಸಕಲೇಶಪುರ, ಬೇಲೂರು ಕಡೆಯ ಕೆರೆಗಳಿಗೆ ಹೋಗುವವರು ಆನೆಗಳ ಸುದ್ದಿ ಕೇಳದೆ ಹೊರಡಬಾರದು. ಹಿಂದಿನ ರಾತ್ರಿಯೇ ಆ ಊರಿನ ಯಾರಿಗಾದರೂ ಫೋನು ಮಾಡಿ. ಶೌಚಾಲಯ ಏರಿಯ ಹತ್ತಿರ ಸಿಗುವುದು ಅಪರೂಪ. ಹೆಂಗಸರು ಇದಕ್ಕೆ ಹೆದರಿ ನೀರು ಕುಡಿಯುವುದನ್ನೇ ಬಿಡುತ್ತಾರೆ. ದಾರಿಯಲ್ಲಿ ಸ್ವಚ್ಛವಾದ ಹೋಟೆಲೋ ಪೆಟ್ರೋಲ್ ಬಂಕೋ ಎಲ್ಲಿದೆ ಎಂದು ಮೊದಲೇ ನೋಡಿಕೊಂಡು, ಅಲ್ಲಿ ನಿಲ್ಲಿಸುತ್ತೇವೆ ಎಂದು ಹೊರಡುವಾಗಲೇ ಎಲ್ಲರಿಗೂ ಹೇಳಿಬಿಡಿ.

ಹಿಂದಿನ ದಿನ ಮಳೆ ಬಂದಿದ್ದರೆ, ಅದರಲ್ಲೂ ಕಪ್ಪು ಮಣ್ಣಿನ ದಾರಿಯಾಗಿದ್ದರೆ, ಕಾರ್ಯಕ್ರಮ ಬದಲಿಸಿ. ಆ ಮಣ್ಣು ಗಾಲಿಗೂ ಊರುಗೋಲಿಗೂ ಸುತ್ತಿಕೊಂಡು ಬಿಡುವುದಿಲ್ಲ. ಟಾರು ಹಾಕಿದ ಏರಿಯ ಕೆರೆಯೊಂದನ್ನು ಇಂಥ ದಿನಕ್ಕೆಂದೇ ಗುರುತು ಮಾಡಿ ಇಟ್ಟುಕೊಂಡಿರಿ. ಕಟ್ಟಿಕೊಂಡ ಅಕ್ಕಿರೊಟ್ಟಿಯನ್ನು ಅಲ್ಲಿಯೇ ತಿನ್ನಬಹುದು.