ಜೀರಿಗೆ ದ್ವೀಪದ ಗವಿಗಳಿಗೆ ಆಯಿಯನ್ನು ಕರೆದುಕೊಂಡು ಹೋದದ್ದು

ನನ್ನ ಆಯಿ ಕುಮಟಾದವಳು. ಆಯಿ ಅಂದರೆ ನಮ್ಮ ಕಡೆ ಅಮ್ಮ. ಮನೆಯಿಂದ ಸಮುದ್ರಕ್ಕೆ ಹತ್ತು ನಿಮಿಷದ ದಾರಿ. ಅರವತ್ತೆರಡು ವರ್ಷ ಆ ಸದ್ದು ಕೇಳಿಕೊಂಡೇ ಬದುಕಿದವಳು, ಆದರೆ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದವಳಲ್ಲ. ನಮ್ಮ ಮನೆಯಲ್ಲಿ ಹೆಂಗಸರು ಯಾರೂ ಇಳಿದದ್ದಿಲ್ಲ. ಮೀನು ಅಂದರೆ ಅವಳಿಗೆ ಬೆಳಿಗ್ಗೆ ಮನೆ ಮುಂದೆ ಹೋಗುವ ಬುಟ್ಟಿಯಲ್ಲಿ ಕಂಡದ್ದು ಅಷ್ಟೆ. ನಮ್ಮ ಅಡಿಗೆಮನೆಗೆ ಅದು ಬರುವುದಿಲ್ಲ. ಹಾಗಾಗಿ ಜೀವ ಇರುವ ಮೀನನ್ನು ಆಯಿ ನೋಡಿಯೇ ಇರಲಿಲ್ಲ.

ನಾನು ಮಾಲ್ಟಾದಲ್ಲಿ ನರ್ಸ್. ಸಿಸಿಲಿಯಿಂದ ಸುಮಾರು 90 ಕಿಲೋಮೀಟರ್ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ಪುಟ್ಟ ದೇಶ ಇದು. ಕಳೆದ ವರ್ಷ ಸೆಪ್ಟೆಂಬರ್‌ನಲ್ಲಿ ಆಯಿ ಮೊದಲ ಸಲ ಇಲ್ಲಿಗೆ ಬಂದಳು. ಹೊರಟಾಗ ಕುಮಟಾದಲ್ಲಿ ಇನ್ನೂ ಮಳೆ. ಅಘನಾಶಿನಿ ಕೆಂಪು ನೀರು ತಂದು ಸುರಿದು ಸಮುದ್ರವೆಲ್ಲ ಚಹಾದ ಬಣ್ಣಕ್ಕೆ ತಿರುಗಿತ್ತು. ಇಲ್ಲಿ ಬಂದ ಮರುದಿನ ದಡದಲ್ಲಿ ನಿಂತು ನೀರನ್ನೇ ನೋಡುತ್ತಾ, "ಕೂಸೇ, ಇಲ್ಲಿ ಅಡಿಯ ಕಲ್ಲೂ ಕಾಣ್ತದಲ್ಲ" ಅಂದಳು. ಕಾರಣ ಇದೆ. ಮಾಲ್ಟಾದಲ್ಲಿ ನದಿಗಳೇ ಇಲ್ಲ. ಸಮುದ್ರಕ್ಕೆ ಮಣ್ಣು ತಂದು ಹಾಕುವವರು ಯಾರೂ ಇಲ್ಲ. ನೆಲವೆಲ್ಲ ಸುಣ್ಣದ ಕಲ್ಲು. ಅದಕ್ಕೇ ನೀರು ಅಷ್ಟು ತಿಳಿ. ಗವಿಗಳು ಇಷ್ಟೊಂದು ಇರುವುದಕ್ಕೂ ಅದೇ ಸುಣ್ಣದ ಕಲ್ಲು ಕಾರಣ. ಅಲೆ ಹೊಡೆದು ಹೊಡೆದು ಕಲ್ಲನ್ನು ಬಿರುಕು ಇದ್ದಲ್ಲೆಲ್ಲ ಕೊರೆದುಬಿಟ್ಟಿದೆ.

ಆಯಿಯನ್ನು ಆ ನೀರಿಗೆ ಇಳಿಸಬೇಕು, ಗವಿ ತೋರಿಸಬೇಕು ಅಂತ ಆ ದಿನವೇ ನಿರ್ಧಾರ ಮಾಡಿದೆ.

ದೊಡ್ಡ ದೋಣಿ ಬೇಡ ಅನ್ನುವುದು ನನಗೆ ಮೊದಲೇ ಖಾತ್ರಿ ಇತ್ತು. ಹಿಂದಿನ ವರ್ಷ ಜುಲೈನಲ್ಲಿ ಮಗನನ್ನು ಕರೆದುಕೊಂಡು ಅಂಥ ಒಂದರಲ್ಲಿ ಹೋಗಿದ್ದೆವು. ತಲೆಗೆ ಸುಮಾರು 30 ಯೂರೋ. ದೋಣಿ ತುಂಬಾ ಜನ, ಜೋರು ಹಾಡು. ಮಾಲ್ಟಾದ್ದೇ ಆದ ಪುಟ್ಟ ಕೊಮಿನೊ ದ್ವೀಪದಲ್ಲಿ ಬ್ಲೂ ಲಗೂನ್ ಅನ್ನುವ ನೀಲಿ ನೀರಿನ ಕೊಲ್ಲಿಗೆ ಮಟಮಟ ಮಧ್ಯಾಹ್ನ ತಲುಪಿದೆವು. ಅಷ್ಟು ಹೊತ್ತಿಗೆ ಅಲ್ಲಿ ಕಾಲಿಡಲೂ ಜಾಗ ಇರಲಿಲ್ಲ. ಗವಿಗಳನ್ನು ದೂರದಿಂದ ತೋರಿಸಿ ಮುಂದೆ ಹೋದರು. ದೊಡ್ಡ ದೋಣಿ ಗವಿಯೊಳಗೆ ಹೋಗಲು ಸಾಧ್ಯವೂ ಇಲ್ಲ ಅಲ್ವಾ. ಸ್ನಾರ್ಕೆಲ್‌ಗೆ, ಅಂದರೆ ಉಸಿರಾಡುವ ನಳಿಗೆ ಬಾಯಲ್ಲಿಟ್ಟುಕೊಂಡು ನೀರಿನಲ್ಲಿ ಮುಖವಿಟ್ಟು ತೇಲುವುದಕ್ಕೆ, ನಲವತ್ತು ನಿಮಿಷ ಕೊಟ್ಟರು. ಮಗ ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್ ಸರಿಮಾಡಿಕೊಳ್ಳುವಷ್ಟರಲ್ಲಿ ಅರ್ಧ ಸಮಯ ಮುಗಿದಿತ್ತು. ನೀರಿಗೆ ಹೆದರುವವರಿಗೆ ಮೊದಲು ಬೇಕಾದದ್ದು ಸಮಯ. ದೊಡ್ಡ ದೋಣಿಯಲ್ಲಿ ಸಿಗದೇ ಇರುವುದು ಅದೊಂದೇ.

ಈ ಸಲ ಆರು ಜನರ ಚಿಕ್ಕ ಮೋಟಾರು ದೋಣಿ ಹಿಡಿದೆವು. ನಾನು, ನನ್ನವರು, ಒಂಬತ್ತು ವರ್ಷದ ಮಗ, ಆಯಿ, ಜೊತೆಗೆ ನನ್ನ ಜೊತೆ ಕೆಲಸ ಮಾಡುವ ಕೇರಳದ ಗೆಳತಿ. ನಾಲ್ಕು ಗಂಟೆಗೆ 300 ಯೂರೋ. ಐದು ಜನಕ್ಕೆ ಹಂಚಿದರೆ ತಲೆಗೆ 60. ದೊಡ್ಡ ದೋಣಿಯ ಎರಡರಷ್ಟು, ನಿಜ. ಆದರೆ ಆ ನಾಲ್ಕು ಗಂಟೆ ಪೂರ್ತಿ ನಮ್ಮದು.

ಫೋನಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಏಣಿಯದು. ನೀರಿನಿಂದ ದೋಣಿಗೆ ವಾಪಸು ಹತ್ತಲು ಸರಿಯಾದ ಏಣಿ ಇದೆಯಾ, ಅದರ ಎಷ್ಟು ಮೆಟ್ಟಿಲು ನೀರಿನೊಳಗೆ ಮುಳುಗಿರುತ್ತದೆ? ಇಳಿಯುವುದು ಯಾರಿಗೂ ಕಷ್ಟ ಅಲ್ಲ. ಹತ್ತುವುದೇ ಕಷ್ಟ. ಮೊಣಕಾಲು ನೋವಿರುವವರಿಗೆ ಕೊನೆಯ ಮೆಟ್ಟಿಲು ನೀರಿನ ಮಟ್ಟದಲ್ಲೇ ಇದ್ದರೆ ಹತ್ತಲು ಆಗುವುದೇ ಇಲ್ಲ, ಮೂರು ಜನ ಕೈಹಿಡಿದು ಎಳೆಯಬೇಕಾಗುತ್ತದೆ. ನಾನು ಮೊದಲು ಮಾತಾಡಿದ ಇಬ್ಬರು ಈ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಲಿಲ್ಲ. ಮೂರನೆಯವರು ಏಣಿಯ ಫೋಟೋ ಕಳಿಸಿದರು. ಅವರನ್ನೇ ಗೊತ್ತುಮಾಡಿದೆ. ಆಮೇಲೆ ಉಳಿದದ್ದು ಕೇಳಿದೆ: ಮಕ್ಕಳ ಅಳತೆಯ ಲೈಫ್ ಜಾಕೆಟ್, ನೆರಳಿಗೆ ಮೇಲೊಂದು ಬಟ್ಟೆ, ದೋಣಿ ನಡೆಸಲು ಲೈಸೆನ್ಸ್, ವಿಮೆ. ಶೌಚಾಲಯ ಇಲ್ಲ ಅಂತ ಅವರೇ ಹೇಳಿದರು. ಅದನ್ನು ಮೊದಲೇ ತಿಳಿದುಕೊಂಡದ್ದು ಒಳ್ಳೆಯದಾಯಿತು.

ಹೊರಡುವ ಮುಂಚೆ ಮೂರು ಸಂಜೆ ಮನೆಯಲ್ಲೇ ಅಭ್ಯಾಸ ನಡೆಯಿತು. ಅಡಿಗೆಮನೆಯ ಮೇಜಿನ ಮೇಲೆ ದೊಡ್ಡ ಬೋಗುಣಿಯಲ್ಲಿ ಉಗುರು ಬೆಚ್ಚಗಿನ ನೀರು. ಆಯಿ ಮಾಸ್ಕ್ ಹಾಕಿಕೊಂಡು, ಸ್ನಾರ್ಕೆಲ್ ಬಾಯಲ್ಲಿಟ್ಟುಕೊಂಡು ಅದರಲ್ಲಿ ಮುಖ ಇಡಬೇಕು. ಮೊದಲ ಸಂಜೆ ಮೂರು ಉಸಿರಿಗೆ ತಲೆ ಎತ್ತಿಬಿಟ್ಟಳು. ಮೂಗು ಮುಚ್ಚಿ ಬಾಯಲ್ಲಿ ಉಸಿರಾಡುವುದಕ್ಕೆ ಮೈ ಒಪ್ಪುವುದಿಲ್ಲ, ಅದು ಎಲ್ಲರಿಗೂ ಹಾಗೆಯೇ. ಎರಡನೇ ಸಂಜೆ ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ನಿಧಾನಕ್ಕೆ ಎಣಿಸಿದೆ. ನಾಲ್ಕು ಎಣಿಸುವವರೆಗೆ ಒಳಗೆ, ಆರು ಎಣಿಸುವವರೆಗೆ ಹೊರಗೆ. ಮೂರನೇ ಸಂಜೆ ಐದು ನಿಮಿಷ ಮುಖ ಎತ್ತಲಿಲ್ಲ. ನಳಿಗೆಗೆ ನೀರು ಹೊಕ್ಕರೆ ಜೋರಾಗಿ ಊದಿ ಹೊರಹಾಕುವುದನ್ನೂ ಬೋಗುಣಿಯಲ್ಲೇ ಕಲಿತಳು. ಈ ಭಯ ಸಮುದ್ರದ ನಡುವೆ ಮೊದಲ ಸಲ ಬಂದರೆ ಕೈಕಾಲು ಬಡಿಯುತ್ತೇವೆ. ಮನೆಯಲ್ಲೇ ಬಂದು ಹೋದರೆ ಅಲ್ಲಿ ಕಾಡುವುದಿಲ್ಲ.

ಮಾಸ್ಕ್ ಬಾಡಿಗೆಯದು ಬೇಡ ಅಂತ ಅಂಗಡಿಯಲ್ಲಿ ಹಾಕಿ ನೋಡಿಯೇ ತಂದೆವು. ಪಟ್ಟಿ ಹಾಕದೆ ಸುಮ್ನೆ ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಗಾಳಿ ಎಳೆದುಕೊಂಡು ಕೈ ಬಿಡಬೇಕು. ಬೀಳದೆ ನಿಂತರೆ ಅದು ನಿಮ್ಮ ಮುಖದ್ದು. ಆಯಿಗೆ ನಾಲ್ಕನೆಯದು ಕೂತಿತು. ಹಣೆಯ ಒಂದು ಎಳೆ ಕೂದಲು ರಬ್ಬರಿನ ಅಡಿ ಸಿಕ್ಕಿದರೂ ನೀರು ಒಳಗೆ ಬರುತ್ತದೆ, ಹಾಗಾಗಿ ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಕಟ್ಟಿದೆ. ತಲೆಗೆ ಎಣ್ಣೆಯನ್ನೂ ಎರಡು ದಿನ ಬಿಡಿಸಿದೆ. ಗಾಜು ಮಂಜಾಗದಂತೆ ಮಕ್ಕಳ ಶ್ಯಾಂಪೂ ಒಂದು ಹನಿ ಸವರಿ ತೊಳೆದರೆ ಸಾಕು.

ಬಟ್ಟೆಯ ಮಾತು ಹೇಳಲೇಬೇಕು. ಆಯಿ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಸೀರೆ ನೀರಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಅದು ಅಪಾಯ. ನನ್ನ ಉದ್ದ ತೋಳಿನ ಈಜು ಅಂಗಿ, ಕಪ್ಪು ಲೆಗ್ಗಿಂಗ್ಸ್ ಕೊಟ್ಟೆ. ಬಿಸಿಲಿಗೂ ಅದೇ ರಕ್ಷಣೆ. ಅವಳು ಮಾತಿಲ್ಲದೆ ತೆಗೆದುಕೊಂಡಳು, ಮೇಲೊಂದು ಶಾಲು ಹೊದ್ದಳು. ದೋಣಿ ಹತ್ತುವವರೆಗೆ ಆ ಶಾಲು ಬಿಡಲಿಲ್ಲ. ಹತ್ತಿದ ಮೇಲೆ ತಾನೇ ಮಡಿಸಿಟ್ಟಳು.

ಮೊದಲು ಗೊತ್ತುಮಾಡಿದ್ದು ಶನಿವಾರ. ಶುಕ್ರವಾರ ರಾತ್ರಿ ತಾಂಡೇಲರೇ ಫೋನ್ ಮಾಡಿದರು. ತಾಂಡೇಲ ಅಂದರೆ ನಮ್ಮ ಕಡೆ ದೋಣಿಯ ಮುಖ್ಯಸ್ಥ. ನನಗೆ ಅವರಿಗೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ. "ನಾಳೆ ಗ್ರಿಗಾಲ್, ಬೇಡ" ಅಂದರು. ಗ್ರಿಗಾಲ್ ಅಂದರೆ ಈಶಾನ್ಯದ ಗಾಳಿ. ನಾವು ನೋಡಬೇಕಾಗಿದ್ದ ಸಾಂತಾ ಮರಿಯಾ ಗವಿಗಳು ಕೊಮಿನೊದ ಈಶಾನ್ಯ ದಡದಲ್ಲೇ ಇವೆ. ಗಾಳಿ ನೇರ ಗವಿಯ ಬಾಯಿಗೇ ಅಲೆ ತಳ್ಳುತ್ತದೆ. ಹೊರಗೆ ಒಂದಡಿ ಕಾಣುವ ಅಲೆ ಗವಿಯ ಒಳಗೆ ಇಕ್ಕಟ್ಟಿಗೆ ಸಿಕ್ಕಿ ಮೇಲೇಳುತ್ತದೆ, ಮೇಲೆ ಚಾವಣಿ ಇದೆ. ಆ ದಿನ ಬೆಳಿಗ್ಗೆ ಮನೆಯಿಂದ ನೋಡಿದರೆ ಬಿಸಿಲು ಚೆನ್ನಾಗಿತ್ತು. ಮಗ ಮುಖ ಊದಿಸಿಕೊಂಡ. ಆದರೆ ತಮ್ಮ ಒಂದು ದಿನದ ಸಂಪಾದನೆ ಬಿಟ್ಟು ಬೇಡ ಅಂದವರ ಮೇಲೆ ನನಗೆ ನಂಬಿಕೆ ಗಟ್ಟಿಯಾಯಿತು. ನೀವು ಎಲ್ಲೇ ದೋಣಿ ಹಿಡಿಯಿರಿ, ಗಾಳಿ ಯಾವ ಕಡೆಯದು, ಗವಿ ಯಾವ ಕಡೆ ಇದೆ ಅಂತ ಕೇಳಿ. ಆಕಾಶ ನೋಡಿ ಹೊರಡಬೇಡಿ.

ಸೋಮವಾರ ಪಶ್ಚಿಮದಿಂದ ತೆಳ್ಳನೆ ಗಾಳಿ. ಬೆಳಿಗ್ಗೆ ಎಂಟಕ್ಕೆ ಮಾರ್ಫಾದ ಪುಟ್ಟ ಧಕ್ಕೆಯಿಂದ ಹೊರಟೆವು. ತಿಂದದ್ದು ಒಗ್ಗರಣೆ ಅವಲಕ್ಕಿ, ಅದೂ ಅರ್ಧ ಹೊಟ್ಟೆ. ದೋಣಿಯಲ್ಲಿ ಹಸಿದ ಹೊಟ್ಟೆಯೂ ತೊಳಸುತ್ತದೆ, ತುಂಬಿದ ಹೊಟ್ಟೆಯೂ ತೊಳಸುತ್ತದೆ. ದಾರಿಯಲ್ಲಿ ತಾಂಡೇಲರು ದ್ವೀಪದ ಹೆಸರು ಹೇಳಿದರು. ಮಾಲ್ಟಾದ ಭಾಷೆಯಲ್ಲಿ ಕೊಮಿನೊಗೆ ಕೆಮ್ಮುನಾ ಅನ್ನುತ್ತಾರೆ. ಕೆಮ್ಮುನ್ ಅಂದರೆ ಜೀರಿಗೆ. ಹಿಂದೆ ಅಲ್ಲಿ ಜೀರಿಗೆ ಬೆಳೆಯುತ್ತಿತ್ತಂತೆ. ನಾನು ಆಯಿಗೆ ಹೇಳಿದೆ. ಅಲ್ಲಿಂದ ಮುಂದೆ ಅವಳಿಗೆ ಅದು ಜೀರಿಗೆ ದ್ವೀಪ. ಬರೀ ಮೂರೂವರೆ ಚದರ ಕಿಲೋಮೀಟರ್ ಕಲ್ಲು, ಮೇಲೆ 1618ರ ಕಾವಲು ಗೋಪುರ ಒಂದು.

ಮೊದಲ ನಿಲುಗಡೆ ಗವಿ ಅಲ್ಲ. ಗಾಳಿ ತಾಗದ ಒಂದು ಮೂಲೆ, ಆಳ ಮೂರು ಮೀಟರ್. ಅಲ್ಲಿಗೇ ಮೊದಲು ಹೋಗೋಣ ಅಂತ ನಾನೇ ಕೇಳಿಕೊಂಡಿದ್ದೆ. ಲಂಗರನ್ನು ಮರಳಿನ ಮೇಲೆ ನೋಡಿ ಇಳಿಸಿದರು. ಪಕ್ಕದಲ್ಲಿ ಪೊಸಿಡೋನಿಯಾ ಹುಲ್ಲಿನ ಗದ್ದೆ ಇತ್ತು. ಅದು ಪಾಚಿ ಅಲ್ಲ, ಬೇರು, ಎಲೆ, ಹೂವು ಎಲ್ಲ ಇರುವ ಗಿಡ. ಲಂಗರು ಎಳೆದರೆ ಬೇರು ಸಮೇತ ಕಿತ್ತುಬರುತ್ತದೆ. ಮತ್ತೆ ಬೆಳೆಯಲು ಎಷ್ಟೋ ವರ್ಷ ಬೇಕು. ಎಂಜಿನ್ ಪೂರ್ತಿ ಆರಿಸುವವರೆಗೆ ಯಾರೂ ಏಣಿಗೆ ಕಾಲಿಡಬಾರದು ಅಂತ ಅವರು ಮಗನಿಗೆ ಎರಡು ಸಲ ಹೇಳಿದರು.

"ಕೂಸೇ, ನೀನು ಹೋಗು, ನಾ ಇಲ್ಲೇ ಇರ್ತೆ" ಅಂದಳು ಆಯಿ.

ನಾನು ಒತ್ತಾಯ ಮಾಡಲಿಲ್ಲ. ನಾನೂ ಗೆಳತಿಯೂ ನೀರಿಗೆ ಇಳಿದೆವು. ನೀರು 25 ಡಿಗ್ರಿ ಆಸುಪಾಸು, ಬೆಚ್ಚಗೇ ಇತ್ತು. ಆಯಿ ಏಣಿಯ ಮೇಲಿನ ಮೆಟ್ಟಿಲಲ್ಲಿ ಕೂತು ಕಾಲು ಬಿಟ್ಟಳು. ಹತ್ತು ನಿಮಿಷ ಬಿಟ್ಟು ಎರಡನೇ ಮೆಟ್ಟಿಲು. ತಾಂಡೇಲರು ದೂರ ಕೂತು ಹಗ್ಗ ಸುತ್ತುತ್ತಿದ್ದರು, ಒಮ್ಮೆಯೂ ಗಡಿಯಾರ ನೋಡಲಿಲ್ಲ. ಸುಮಾರು ಅರ್ಧ ಗಂಟೆಯ ಮೇಲೆ ಲೈಫ್ ಜಾಕೆಟ್ ಹಾಕಿಕೊಂಡು, ಒಂದು ಕೈಯಲ್ಲಿ ನನ್ನ ಕೈ, ಇನ್ನೊಂದರಲ್ಲಿ ಏಣಿ ಹಿಡಿದು ನೀರಿನ ಮೇಲೆ ಬೋರಲಾಗಿ ಮಲಗಿದಳು. ಮುಖ ಇಟ್ಟಳು. ನಾನು ಬೆನ್ನ ಮೇಲೆ ಕೈಯಿಟ್ಟು ಎಣಿಸಿದೆ, ಮನೆಯಲ್ಲಿ ಎಣಿಸಿದ ಹಾಗೆಯೇ. ಸ್ವಲ್ಪ ಹೊತ್ತಿಗೆ ಏಣಿಯ ಕೈ ತಾನಾಗಿಯೇ ಬಿಟ್ಟಿತು.

ಕೆಳಗೆ ಹುಲ್ಲಿನಲ್ಲಿ ಚಿನ್ನದ ಗೆರೆಯ ಮೀನಿನ ಹಿಂಡು ಮೇಯುತ್ತಿತ್ತು. ಸಲೇಮಾ ಅಂತ ಅದರ ಹೆಸರು, ಈ ಹುಲ್ಲೇ ಅದರ ಆಹಾರ. ದನದ ಹಿಂಡಿನ ಹಾಗೆ ಎಲ್ಲ ಒಂದೇ ಕಡೆ ತಲೆ ತಗ್ಗಿಸಿ ಕಚ್ಚುತ್ತವೆ, ಎಲ್ಲ ಒಟ್ಟಿಗೆ ತಿರುಗುತ್ತವೆ. ಆಯಿ ಹಾಗೇ ನೋಡುತ್ತಾ ತೇಲಿದಳು. ನನ್ನ ಕೈಯನ್ನು ಒಂದು ಸಲ ಒತ್ತಿದಳು. ತಲೆ ಎತ್ತಿದ ಮೇಲೆ ಕೇಳಿದ್ದು ಒಂದೇ: "ಇವು ಎಲ್ಲ ಹೊತ್ತೂ ಹೀಗೇ ಇರ್ತವಾ?"

ಮಗನಿಗೆ ಅಲ್ಲೇ ಪೆಟ್ಟಾಯಿತು. ಬೂಟು ಹಾಕದೆ ಈಜಿ ಹೋಗಿ ದಡದ ಬಂಡೆಯ ಮೇಲೆ ಕಾಲಿಟ್ಟ. ಸೀ ಅರ್ಚಿನ್ ಅನ್ನುವ, ಕಪ್ಪು ಮುಳ್ಳಿನ ಉಂಡೆಯಂಥ ಜೀವಿಯ ಮೂರು ಮುಳ್ಳು ಹಿಮ್ಮಡಿಗೆ ಹೊಕ್ಕವು. ಕಾಣುವುದನ್ನು ಚಿಮುಟದಿಂದ ತೆಗೆದೆ. ಒಳಗೆ ಮುರಿದದ್ದನ್ನು ಕೆದಕಲಿಲ್ಲ, ಮನೆಗೆ ಬಂದು ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಕಾಲಿಟ್ಟುಕೊಂಡು ಕೂರಿಸಿದೆ. ಬಂಡೆಯ ಹತ್ತಿರ ರಬ್ಬರ್ ಬೂಟು ಬೇಕೇ ಬೇಕು. ನಮ್ಮ ಚೀಲದಲ್ಲಿ ಅವು ಇದ್ದವು, ಹಾಕಿಸಲು ಮರೆತದ್ದು ನಾನೇ.

ಹತ್ತೂವರೆಗೆ ಗವಿಗಳ ಹತ್ತಿರ ಬಂದೆವು. ಮೊದಲು ತಾಂಡೇಲರು ಎಂಜಿನ್ ಸಣ್ಣಗೆ ಮಾಡಿ ಗವಿಯ ಬಾಯಿಯ ಮುಂದೆ ಸುಮ್ಮನೆ ನಿಂತರು. ಅಲೆ ಒಳಗೆ ಹೋಗಿ ಬರುವುದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೆಲ್ಲನೆ ಒಳಗೆ. ಚಾವಣಿ ಕೈಗೆ ಸಿಗುವಷ್ಟು ಹತ್ತಿರ. ಆದರೆ ಮುಟ್ಟಬೇಡಿ ಅಂದರು. ಈ ಕಲ್ಲು ಯಾವಾಗ ಬೀಳುತ್ತದೆ ಹೇಳಲಾಗದು. ಪಕ್ಕದ ಗೋಜೊ ದ್ವೀಪದಲ್ಲಿ ಅಜ್ಯೂರ್ ವಿಂಡೋ ಅಂತ ದೊಡ್ಡ ಕಲ್ಲಿನ ಕಮಾನು ಇತ್ತು. 2017ರ ಮಾರ್ಚ್ 8ರಂದು ಬಿರುಗಾಳಿಗೆ ಪೂರ್ತಿ ಕುಸಿದುಬಿತ್ತು. ನಾವು ಮಾಲ್ಟಾಕ್ಕೆ ಬಂದದ್ದು ಆಮೇಲೆ. ಅದನ್ನು ನೋಡುವ ಭಾಗ್ಯ ಸಿಗಲಿಲ್ಲ.

ಗವಿಯೊಳಗಿನ ನೀಲಿ ಮೇಲಿನಿಂದ ಬಂದದ್ದಲ್ಲ. ಬಿಸಿಲು ಹೊರಗೆ ನೀರಿಗೆ ಇಳಿದು, ನೀರಿನ ಅಡಿಯಿಂದ ಒಳಗೆ ಬರುತ್ತದೆ. ದಾರಿಯಲ್ಲಿ ಕೆಂಪು ಬಣ್ಣವನ್ನು ನೀರು ಮೊದಲು ಹೀರಿಬಿಡುತ್ತದೆ, ಉಳಿಯುವುದು ನೀಲಿ. ಕೆಳಗಿನ ಬಿಳಿ ಮರಳು ಅದನ್ನು ಮೇಲಕ್ಕೆ ಎತ್ತಿ ಕೊಡುತ್ತದೆ. ಕತ್ತಲೆ ಕೋಣೆಯ ನೆಲದಡಿ ದೀಪ ಹಚ್ಚಿಟ್ಟ ಹಾಗೆ. ದೋಣಿಯ ನೆರಳೂ ಚಾವಣಿಯ ಮೇಲೆ ಬೀಳುತ್ತಿತ್ತು.

ಒಳಗೆ ಈಜಲು ಆಯಿ ಇಳಿಯಲಿಲ್ಲ, ನಾನೂ ಕೇಳಲಿಲ್ಲ. ಮಗ, ನನ್ನವರು, ಗೆಳತಿ ಹೊರಗಿನ ತೆರೆದ ನೀರಿನಲ್ಲಿ ಇಳಿದು ಗವಿಯ ಬಾಯಿಯವರೆಗೆ ಹೋಗಿ ಬಂದರು. ಪಕ್ಕದಲ್ಲೇ ಕಿತ್ತಳೆ ಬಣ್ಣದ ತೇಲುಗುಂಡು ಬಿಟ್ಟಿದ್ದರು, ಬೇರೆ ದೋಣಿಯವರಿಗೆ ಈಜುವವರ ತಲೆ ಕಾಣಲಿ ಅಂತ. ಇಲ್ಲಿ ಮೀನಿಗೆ ಬ್ರೆಡ್ ಹಾಕಿ ತೋರಿಸುವ ರೂಢಿ ಇದೆ. ತಾಂಡೇಲರೂ ಒಂದು ಪೊಟ್ಟಣ ತಂದಿದ್ದರು. ನಾನು ಬೇಡ ಅಂದೆ. ಹುಲ್ಲು ಮೇಯುವುದನ್ನು ನೋಡಿ ಬಂದ ಮೇಲೆ ಮೈದಾ ತುಂಡಿಗೆ ಮುಗಿಬೀಳುವುದನ್ನು ನೋಡುವ ಮನಸ್ಸು ನನಗಿರಲಿಲ್ಲ. ಅವರು ಬೇಸರ ಮಾಡಿಕೊಳ್ಳದೆ ಪೊಟ್ಟಣ ಒಳಗಿಟ್ಟರು.

ಬ್ಲೂ ಲಗೂನ್ ಮುಂದೆ ಹಾದುಹೋಗುವಾಗ ಹನ್ನೊಂದೂವರೆ. ದೊಡ್ಡ ದೋಣಿಗಳು ಆಗಷ್ಟೇ ಬರುತ್ತಿದ್ದವು. ಇಳಿಯಬೇಕಾ ಅಂತ ಕೇಳಿದರು. "ಮೊದಲಿನ ಜಾಗಕ್ಕೇ ಹೋಗುವ" ಅಂದಳು ಆಯಿ. ಉಳಿದ ಸಮಯವೆಲ್ಲ ಅಲ್ಲೇ ಕಳೆದೆವು. ಎರಡನೇ ಸಲ ಅವಳಿಗೆ ಎಣಿಕೆ ಬೇಕಾಗಲಿಲ್ಲ.

ಅಕ್ಟೋಬರ್‌ನಲ್ಲಿ ಊರಿಗೆ ಹೊರಟಾಗ ಮಾಸ್ಕ್ ಅವಳ ಚೀಲದಲ್ಲಿ, ಆ ಶಾಲಿನ ಒಳಗೆ ಸುತ್ತಿಟ್ಟಿತ್ತು. ಈ ಡಿಸೆಂಬರ್‌ನಲ್ಲಿ ನಾವು ರಜೆಗೆ ಹೋಗುತ್ತಿದ್ದೇವೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಹೋಗಬೇಕಂತೆ, ಆಯಿ ತನ್ನ ತಂಗಿಗೂ ಹೇಳಿ ಆಗಿದೆ. ಮಳೆಗಾಲ ಮುಗಿದು ನೀರು ತಿಳಿಯಾಗುವ ಕಾಲ ಅದು. ಮೊನ್ನೆ ಅಲ್ಲಿಗೆ ಫೋನ್ ಮಾಡಿದೆ. ಏಣಿಯ ಫೋಟೋ ಕಳಿಸಿ ಅಂತ ಕೇಳಿದ್ದೇನೆ.